ನಿಂತಲ್ಲಿ ನಿಲ್ಲದ ಗಾಡಿ

ಓಡಲಾರದ ಗಾಡಿಯ ಕಷ್ಟ ಎಲ್ಲರಿಗೂ ತಿಳಿದದ್ದೇ. ನಿಲ್ಲಲಾರದ ಗಾಡಿಯ ಕಷ್ಟ ಮಾತ್ರ ಪಟ್ಟವನಿಗೇ ಗೊತ್ತು. ನಿಲ್ಲಲಾರದ ಗಾಡಿ ಎಂದೊಡನೆ ಬ್ರೇಕು ಕೆಟ್ಟ ಗಾಡಿಯೆಂದು ಓದುಗರು ಭಾವಿಸಬಾರದು. ನಮ್ಮ ತಂದೆಯವರ ಜಾವಾ ಮೋಟಾರು ಸೈಕಲ್ಲಿನ ಬ್ರೇಕು ಸರಿಯಾಗಿಯೇ ಇದೆ. ಓಟಕ್ಕೂ ಕೊರತೆ ಇರಲಿಲ್ಲ. ಆದರೆ ಸಿಗ್ನಲ್ಲಿನ ಬಳಿ ನಿಲ್ಲಿಸಿ ಆಕ್ಸಿಲರೇಟರನ್ನು ಸಡಿಲಬಿಟ್ಟೊಡನೆ ಅದರ ಉಸಿರು ಕೆಡುತ್ತಿತ್ತು. ಒಮ್ಮೆ ಎಂಜಿನ್ನು ತಾನಾಗಿಯೇ ರೇಗಿ ಕೂಗುವುದು, ಮರುಕ್ಷಣ ಕುಗ್ಗಿ ಕೆಮ್ಮುವುದು, ನಾಲ್ಕನೆಯ ಕೆಮ್ಮಿಗೆ ಪ್ರಾಣ ಬಿಡುವುದು. ಹಿಂದಿನ ಬಸ್ಸಿನವರು ಹಾರನ್ನು ಬಾರಿಸುವುದು, ನಾನು ಬೆವರುತ್ತ ಕಿಕ್ ಹೊಡೆಯುವುದು. ಗಾಡಿ ನಿಂತಿರುವಾಗ ಎಂಜಿನ್ನು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿರುವ ಸ್ಥಿತಿಗೆ ಇಂಗ್ಲಿಷಿನಲ್ಲಿ ಐಡ್ಲಿಂಗ್ ಎಂದು ಹೆಸರು, ಎಂದರೆ ಸೋಮಾರಿತನ. ನಮ್ಮ ಮೆಕ್ಯಾನಿಕ್ಕುಗಳು ಅಷ್ಟು ನಿಷ್ಠುರವಾಗಿ ಮಾತನಾಡದೆ ‘ಸ್ಲೋ’ ಎನ್ನುತ್ತಾರೆ. ‘ಸ್ಲೋ ನಿಲ್ತಿಲ್ಲ ಸಾರ್’ ಎಂದರೆ ಇದೇ ರೋಗ.

ಈ ರೋಗವನ್ನು ನಾನು ಬಹುಕಾಲ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಳೆದ ವರ್ಷ ನೋಂದಣಿಯ ನವೀಕರಣದ ಕಾಲ ಬಂತು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಈ ಕಟ್ಟಲೆ ತಪ್ಪದು. ಅದಕ್ಕೆ ಹೊಗೆಯ ಸರ್ಟಿಫಿಕೇಟು ಬೇಕು. ಪೆಟ್ರೋಲು ಗಾಡಿಯ ಹೊಗೆಯನ್ನು ಅಳೆಯುವುದು ಅದು ಓಡುವಾಗ ಅಲ್ಲ, ನಿಂತಲ್ಲಿ ಸ್ಲೋ ತಿರುಗುವಾಗ. 2000ನೆಯ ಇಸವಿಗೆ ಹಿಂದಿನ ದ್ವಿಚಕ್ರ ವಾಹನಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಶೇಕಡಾ 4.5ನ್ನು ಮೀರಬಾರದೆಂದು ನಿಯಮ. ಮೀರುವ ಮಾತು ಹಾಗಿರಲಿ, ನಮ್ಮ ಗಾಡಿ ಅಳತೆ ಮುಗಿಯುವಷ್ಟು ಹೊತ್ತು ಬದುಕಿರಲೇ ಇಲ್ಲ. ಹೊಗೆನಳಿಕೆಗೆ ಕೊಳವೆ ತೂರಿಸಿ ಕಾದು ನಿಂತ ಹುಡುಗ ಮೂರು ಸಲ ನೋಡಿ, ‘ಅಂಕಲ್, ರಿಪೇರಿ ಮಾಡಿಸ್ಕೊಂಡು ಬನ್ನಿ’ ಎಂದ.

ಮನೆಗೆ ಬಂದರೆ ಅಣ್ಣ, ‘ಇನ್ನೆಷ್ಟು ದಿನ ಅದಕ್ಕೆ ದುಡ್ಡು ಸುರೀತೀಯೋ? ಗುಜರಿಯವನು ಆಗಲೇ ಎರಡು ಸಲ ಕೇಳ್ಕೊಂಡು ಹೋದ. ಒಂದು ತಿಂಗಳು ನೋಡು; ಆಗದಿದ್ದರೆ ಕೊಟ್ಟುಬಿಡೋಣ’ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಗಾಡಿ ನಿಂತಿರುವುದು ಅವನ ಮನೆಯ ಷೆಡ್ಡಿನಲ್ಲಿ. ಸರ್ಟಿಫಿಕೇಟಿಲ್ಲದ ಗಾಡಿ ಕಬ್ಬಿಣವೇ ಹೊರತು ಗಾಡಿಯಲ್ಲ.

ತಂದೆಯವರು ಶಾಲಾ ಇನ್ಸ್‌ಪೆಕ್ಟರಾಗಿದ್ದರು. 1966ರಲ್ಲಿ ಕೊಂಡ ಈ ಗಾಡಿಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ದಾರಿಗಳನ್ನೆಲ್ಲ ಸವೆಸಿದವರು. ಶಾಲೆಯ ಮುಂದೆ ನಿಂತ ಮೇಲೆ ಎಂಜಿನ್ನನ್ನು ಕೂಡಲೇ ಆರಿಸುತ್ತಿರಲಿಲ್ಲವಂತೆ. ಅರ್ಧ ನಿಮಿಷ ಹಾಗೆಯೇ ಬಿಡುತ್ತಿದ್ದರಂತೆ. ಆ ಡುಗು ಡುಗು ಶಬ್ದ ಕೇಳಿ ಮೇಷ್ಟರುಗಳು ಹಾಜರಿ ಪುಸ್ತಕ ಸರಿಮಾಡಿಕೊಳ್ಳಲಿ ಎಂಬ ದಯೆ! ಅರ್ಧ ನಿಮಿಷ ತಾನಾಗಿ ನಿಂತಿದ್ದ ಗಾಡಿ ಈಗ ನಾಲ್ಕು ಕೆಮ್ಮಿಗೆ ಸಾಯುತ್ತಿದೆಯಲ್ಲ, ಏಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟ ನನಗೆ ಇನ್ನೊಂದು ಪ್ರಶ್ನೆ ಎದುರಾಯಿತು. ನಿಂತಲ್ಲಿ ತಿರುಗುತ್ತಿರುವ ವಿದ್ಯೆಯನ್ನು ಮೋಟಾರು ಸೈಕಲ್ಲು ಕಲಿತದ್ದು ಯಾವಾಗ? ಹುಟ್ಟುತ್ತಲೇ ಕಲಿತು ಬಂದದ್ದಲ್ಲ ಎಂಬುದು ಇತಿಹಾಸವನ್ನು ನೋಡಿದರೆ ತಿಳಿಯುತ್ತದೆ.

1894ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲ್ಲರ್ ಎಂಬುವರ ಕಾರ್ಖಾನೆ ಮೊಟ್ಟಮೊದಲಿಗೆ ಮೋಟಾರು ಸೈಕಲ್ಲುಗಳನ್ನು ಸಾಲಾಗಿ ತಯಾರಿಸಿ ಮಾರಲು ತೊಡಗಿತು. ರೈಲಿನ ಎಂಜಿನ್ನಿನಲ್ಲಿ ಇರುವಂತೆ ಅದರಲ್ಲಿ ಪಿಸ್ಟನ್ನಿನ ದಂಡಗಳು ನೇರವಾಗಿ ಹಿಂದಿನ ಗಾಲಿಗೇ ಕೂಡಿಕೊಂಡಿದ್ದುವು. ಕ್ಲಚ್ಚಿಲ್ಲ, ಗೇರಿಲ್ಲ. ಸವಾರ ಗಾಡಿಯನ್ನು ತಳ್ಳಿಕೊಂಡು ಓಡಬೇಕು. ಎಂಜಿನ್ನು ಹತ್ತಿಕೊಂಡೊಡನೆ ಹಾರಿ ಕೂಡಬೇಕು. ಗಾಲಿ ನಿಂತರೆ ಎಂಜಿನ್ನೂ ನಿಂತಿತು. ಅದರ ಮುಂದಿನ ಹದಿನೈದು ಇಪ್ಪತ್ತು ವರ್ಷ, ತೊಗಲಿನ ಪಟ್ಟಿಯಿಂದ ಗಾಲಿಯನ್ನು ಎಳೆಯುತ್ತಿದ್ದ ಬಹುಪಾಲು ಗಾಡಿಗಳ ಪಾಡೂ ಇದೇ. ನಿಂತಲ್ಲಿ ತಿರುಗುವುದೆಂಬ ಸ್ಥಿತಿಯೇ ಇಲ್ಲವಾದ ಮೇಲೆ ಅದು ಕೆಡುವ ಮಾತೆಲ್ಲಿ ಬಂತು?

ಬದಲಾವಣೆ ನಿಧಾನವಾಗಿ ಬಂತು. 1908ರ ಹೊತ್ತಿಗೆ ಇಂಗ್ಲೆಂಡಿನ ಯಾರ್ಕ್‌ಷೈರಿನ ಆಲ್‌ಫ್ರೆಡ್ ಸ್ಕಾಟ್ ಎಂಬಾತ ಎರಡು ಗೇರು, ಕಾಲಿನಿಂದ ಒದ್ದು ಹತ್ತಿಸುವ ಕಿಕ್ಕು, ಎರಡೂ ಇರುವ ಟೂ-ಸ್ಟ್ರೋಕ್ ಗಾಡಿಯನ್ನು ತಂದ. 1911ರಲ್ಲಿ ಮ್ಯಾನ್ ದ್ವೀಪದ ಪ್ರಸಿದ್ಧ ಪಂದ್ಯ ಬೆಟ್ಟದ ದಾರಿಗೆ ತಿರುಗಿತು. ಆ ಏರಿನಲ್ಲಿ ಒಂದೇ ವೇಗದ ಪಟ್ಟಿಗಾಡಿಗಳು ಸೋತುವು. ಎರಡು ಗೇರಿನ ಅಮೆರಿಕನ್ ‘ಇಂಡಿಯನ್’ ಗಾಡಿಗಳು ಮೊದಲ ಮೂರು ಸ್ಥಾನಗಳನ್ನೂ ಗೆದ್ದುವು. ಆ ಬಳಿಕ ಗೇರು ಬೇಡವೆನ್ನುವವರ ಬಾಯಿ ಕಟ್ಟಿತು. ಮೊದಲನೆಯ ಮಹಾಯುದ್ಧದಲ್ಲಿ ಸುದ್ದಿ ಒಯ್ಯುವ ಸವಾರರಿಗೆಂದು ಸುಮಾರು 30,000ದಷ್ಟು ಸಂಖ್ಯೆಯಲ್ಲಿ ಸೈನ್ಯಕ್ಕೆ ಹೋದ ಟ್ರಯಂಫ್ ಮಾಡೆಲ್ ಎಚ್ ಗಾಡಿಗೆ ಮೂರು ಗೇರು, ಕ್ಲಚ್ಚು, ಕಿಕ್ಕು ಎಲ್ಲವೂ ಇದ್ದುವು. ಕ್ಲಚ್ಚು ಬಂದ ದಿನವೇ ಎಂಜಿನ್ನಿಗೆ ಹೊಸದೊಂದು ಕೆಲಸ ಹುಟ್ಟಿತು: ಯಾರನ್ನೂ ಎಲ್ಲಿಗೂ ಒಯ್ಯದೆ ಸುಮ್ಮನೆ ಬದುಕಿರುವ ಕೆಲಸ.

ಇದು ಸುಲಭವಲ್ಲ. ಏಕೆಂಬುದನ್ನು ತಿಳಿಯಲು ಕಾರ್ಬ್ಯುರೇಟರಿನ ಒಳಹೊಕ್ಕು ನೋಡಬೇಕು. (ನಮ್ಮ ಊರುಗಳಲ್ಲಿ ಇದನ್ನು ‘ಕಾರ್ಪೊರೇಟರು’ ಎನ್ನುವವರೇ ಹೆಚ್ಚು. ‘ಕಾರ್ಪೊರೇಟರ್ ಬಿಚ್ಚಿ ತೊಳೀಬೇಕು’ ಎಂಬ ಮಾತನ್ನು ನಗರಸಭೆಯ ಸದಸ್ಯರೊಬ್ಬರು ಕೇಳಿ ಬೆಚ್ಚಿದರೆ ಆಶ್ಚರ್ಯವಿಲ್ಲ.) ಪೆಟ್ರೋಲು ದ್ರವವಾಗಿ ಉರಿಯದು, ಗಾಳಿಯೊಡನೆ ಹದವಾಗಿ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಅದರ ಹದ. ಮೊದಮೊದಲ ಎಂಜಿನ್ನುಗಳಲ್ಲಿ ಪೆಟ್ರೋಲಿನ ಮೇಲ್ಮೈಯನ್ನು ಸವರಿಕೊಂಡು ಗಾಳಿ ಹೋಗುತ್ತಿತ್ತು. ಎದ್ದ ಆವಿಯಷ್ಟೇ ಗತಿ. 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್, ಹಂಗೆರಿಯ ಬಾಂಕಿ ಮತ್ತು ಚೊಂಕಾ, ಬೇರೆಬೇರೆಯಾಗಿಯೇ ಪೆಟ್ರೋಲನ್ನು ಸಣ್ಣ ರಂಧ್ರದಿಂದ ಸಿಂಪಡಿಸುವ ಉಪಾಯವನ್ನು ಕಂಡರು. ಬುಡಾಪೆಸ್ಟಿನ ಬೀದಿಯಲ್ಲಿ ಹೂ ಮಾರುವ ಹುಡುಗಿಯೊಬ್ಬಳು ಹೂವಿಗೆ ನೀರು ಸಿಂಪಡಿಸುವುದನ್ನು ಕಂಡು ಬಾಂಕಿ ಮತ್ತು ಚೊಂಕಾ ಅವರಿಗೆ ಇದು ಹೊಳೆಯಿತೆಂದು ಒಂದು ಕಥೆಯುಂಟು. ಕಥೆ ನಿಜವೋ ಸುಳ್ಳೋ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಡೆದಾಡಿದವರಿಗೆ ಅದು ನಂಬಲು ಕಷ್ಟವಲ್ಲ.

ಸಿಂಪಡಿಸುವವರು ಯಾರು? ಗಾಳಿಯೇ. ಕಾರ್ಬ್ಯುರೇಟರಿನ ಕೊರಳು ಕಿರಿದು. ಕಿರಿದಾದ ಕಡೆ ಗಾಳಿ ವೇಗವಾಗಿ ಹರಿಯುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ, ತಗ್ಗಿದ ಒತ್ತಡಕ್ಕೆ ಪೆಟ್ರೋಲು ತಾನಾಗಿ ಮೇಲೇಳುತ್ತದೆ. ಸವಾರ ಆಕ್ಸಿಲರೇಟರನ್ನು ತಿರುಗಿಸಿದಾಗ ಕೊರಳಿಗೆ ಅಡ್ಡವಾಗಿರುವ ಜಾರುಬಾಗಿಲು ಮೇಲಕ್ಕೆ ಸರಿದು ಗಾಳಿಗೆ ದಾರಿ ಬಿಡುತ್ತದೆ. ಇದೆಲ್ಲ ಓಡುವ ಗಾಡಿಗೆ ಸರಿ. ನಿಂತ ಗಾಡಿಯಲ್ಲಿ ಬಾಗಿಲು ಮುಚ್ಚಿದೆ. ಕೊರಳಿನಲ್ಲಿ ಗಾಳಿಯ ಓಟವಿಲ್ಲ. ದೊಡ್ಡ ಜೆಟ್ಟಿನಿಂದ ಒಂದು ತೊಟ್ಟೂ ಏಳದು. ಹಳೆಯ ಸವಾರನ ಹ್ಯಾಂಡಲ್ಲಿನ ಮೇಲೆ ಪೆಟ್ರೋಲಿಗೊಂದು, ಗಾಳಿಗೊಂದು ಸನ್ನೆ ಇರುತ್ತಿದ್ದುವು. ಅವನೇ ಬೆರಳಿನಿಂದ ಕ್ಷಣಕ್ಷಣಕ್ಕೂ ಹದ ನೋಡಿಕೊಳ್ಳಬೇಕಾಗಿತ್ತು. ಕಾಲಕ್ರಮದಲ್ಲಿ ಈ ಕೆಲಸ ಬೆರಳಿನಿಂದ ಯಂತ್ರಕ್ಕೆ ದಾಟಿತು. ಮುಚ್ಚಿದ ಬಾಗಿಲಿನ ಆಚೆ, ಎಂಜಿನ್ನಿನ ಎಳೆತ ಅತಿ ಬಲವಾಗಿರುವ ಕಡೆ, ಅರ್ಧ ಮಿಲಿಮೀಟರಿಗೂ ಕಿರಿದಾದ ಇನ್ನೊಂದು ಜೆಟ್ಟಿನಿಂದ ಬರುವ ಬೇರೆಯೇ ದಾರಿಯನ್ನು ಕೊರೆದರು. ದೊಡ್ಡ ಕಾರ್ಬ್ಯುರೇಟರಿನ ಹೊಟ್ಟೆಯಲ್ಲಿ ಒಂದು ಪುಟ್ಟ ಕಾರ್ಬ್ಯುರೇಟರು! ಇದೇ ಪೈಲಟ್ ಜೆಟ್ಟು. 1927ರಲ್ಲಿ ಇಂಗ್ಲೆಂಡಿನ ಮೂರು ಕಾರ್ಬ್ಯುರೇಟರು ಕಂಪನಿಗಳು ಒಂದಾಗಿ ಅಮಲ್ ಎಂಬ ಹೆಸರು ತಳೆದುವು. ಬ್ರಿಟಿಷ್ ಮೋಟಾರು ಸೈಕಲ್ಲುಗಳ ಸ್ಲೋ ಹಲವು ದಶಕಗಳ ಕಾಲ ಬಹುಮಟ್ಟಿಗೆ ಅವರ ಕೈಯಲ್ಲಿತ್ತು.

ನಮ್ಮ ಗಾಡಿಯ ವಂಶ ಬೇರೆ. 1929ರಲ್ಲಿ ಚೆಕೊಸ್ಲೊವಾಕಿಯದ ಆಯುಧ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಗಾಡಿಯೊಂದರ ಹಕ್ಕನ್ನು ಕೊಂಡು ತಯಾರಿಕೆ ತೊಡಗಿದ. ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದ್ದೇ ಜಾವಾ. 1961ರಲ್ಲಿ ಇದೇ ಜಾವಾ ಮೈಸೂರಿನ ಮಗುವಾಯಿತು. ಇರಾನಿ ಮನೆತನದವರ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ತೊಡಗಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಒಂದೇ ಸಿಲಿಂಡರಿಗೆ ಎರಡು ಹೊಗೆನಳಿಕೆ, ಗೇರಿನ ಕಡ್ಡಿಯನ್ನೇ ಮೇಲಕ್ಕೆತ್ತಿ ಕಿಕ್ ಮಾಡಿಕೊಳ್ಳುವ ಚಮತ್ಕಾರ, ಇವನ್ನು ಕಂಡ ಊರಿನವರು ಬೆರಗಾಗಿದ್ದರು. 1973ರಿಂದ ಆ ಗಾಡಿಗಳಿಗೆ ಯೆಜ್ದಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಮೂವತ್ತೈದು ವರ್ಷಗಳಲ್ಲಿ ಕಾರ್ಖಾನೆ ಗಾಡಿಗಳನ್ನಷ್ಟೇ ಅಲ್ಲ, ಕಿವಿಯಿಂದಲೇ ರೋಗ ತಿಳಿಯಬಲ್ಲ ಒಂದು ಪೀಳಿಗೆಯನ್ನೂ ತಯಾರಿಸಿತ್ತು.

ಅಂಥವರಲ್ಲೊಬ್ಬರು ನನ್ನ ನೆರವಿಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ಕೆಲಸ ಮಾಡಿದವರು. ಈಗ ಅಂಗಡಿಯಿಲ್ಲ, ಕರೆದರೆ ಬರುತ್ತಾರೆ. ಷೆಡ್ಡಿಗೆ ಬಂದವರು ಒಂದು ಸ್ಪ್ಯಾನರನ್ನೂ ಮುಟ್ಟಲಿಲ್ಲ. ಎಂಜಿನ್ನು ಹತ್ತಿಸಲು ಹೇಳಿ ಸ್ಟೂಲಿನ ಮೇಲೆ ಕುಳಿತರು. ಹತ್ತು ನಿಮಿಷ ಕೇಳಿದರು.

‘ಮೇಸ್ತ್ರಿಗಳೇ, ಶಬ್ದ ಏರುಪೇರಾಗ್ತಿದೆಯಲ್ಲಾ?’ ಎಂದೆ.

‘ಸಾರ್, ಟೂ-ಸ್ಟ್ರೋಕು ಒಂದಿಷ್ಟು ಏರುಪೇರಾಗೇ ಇರ್ತದೆ. ಅದು ಕಾಯಿಲೆ ಅಲ್ಲ, ಅದರ ಸ್ವಭಾವ. ಆದರೆ ಇದು ಬಿಸಿಯಾದ ಮೇಲೆ ತಾನಾಗೇ ರೇಸ್ ಆಗಿ ಬೀಳ್ತಿದೆ ನೋಡಿ, ಅದು ಕಾಯಿಲೆ.’

ಈ ವಿವೇಕ ಅರ್ಧ ಚಿಕಿತ್ಸೆ ಎನ್ನಬೇಕು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸ್ಲೋ ತಿರುಗುವಾಗ ಹಿಂದಿನ ಸುತ್ತಿನ ಸುಟ್ಟ ಹೊಗೆ ಪೂರ್ತಿ ಹೊರಹೋಗದೆ ಹೊಸ ಮಿಶ್ರಣದೊಡನೆ ಬೆರೆಯುತ್ತದೆ. ಆದ್ದರಿಂದ ಅದು ಸುತ್ತುಸುತ್ತಿಗೂ ಹತ್ತದೆ, ನಡುನಡುವೆ ಒಂದನ್ನು ಬಿಟ್ಟು ಹತ್ತುತ್ತದೆ. ಜಾವಾದ ಪ್ರಸಿದ್ಧವಾದ ಡುಗು ಡುಗು ಇದರಿಂದಲೇ ಬಂದದ್ದು. ಸ್ವಭಾವವನ್ನು ರೋಗವೆಂದು ತಿಳಿದು ಸ್ಕ್ರೂ ತಿರುಗಿಸಲು ಹೊರಟವರು ಇಲ್ಲದ ರೋಗವನ್ನು ತಂದುಕೊಳ್ಳುತ್ತಾರೆ. ಹಿಂದಿನ ಮೂರು ತಿಂಗಳು ನಾನು ಮಾಡಿದ್ದು ಅದನ್ನೇ.

ಮೇಸ್ತ್ರಿಗಳ ಎರಡನೆಯ ನೇಮ: ಒಂದು ಸಲಕ್ಕೆ ಒಂದೇ ಕೆಲಸ. ಮೂರನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲು ಪೆಟ್ರೋಲು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿದ್ದದ್ದನ್ನು ಗಾಜಿನ ಲೋಟಕ್ಕೆ ಬಸಿದರು. ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಬೇರೆಯಾಗಿ ನಿಂತಿತು. ಅದರಲ್ಲಿ ತುಕ್ಕಿನ ಕಂದು ಪುಡಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದು ಹೊಸದಲ್ಲ. ಆದರೆ ಈಗ ಹೆಚ್ಚು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಇಂದು ಎಲ್ಲೆಡೆ ಬಂದಿದೆ. ಎಥನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮೇಲಾಗಿ ಎಥನಾಲು ಉರಿಯಲು ತೂಕದಲ್ಲಿ ಒಂಬತ್ತು ಪಾಲು ಗಾಳಿಯೇ ಸಾಕು. ಆದ್ದರಿಂದ ಹಳೆಯ ಪೆಟ್ರೋಲಿಗೆಂದು ಕೊರೆದ ಜೆಟ್ಟಿನಲ್ಲಿ ಹೊಸ ಪೆಟ್ರೋಲು ಹರಿದಾಗ ಮಿಶ್ರಣ ಒಂದಿಷ್ಟು ತೆಳುವಾಗುತ್ತದೆ. ಟ್ಯಾಂಕನ್ನು ಬರಿದುಮಾಡಿ, ನಲ್ಲಿಯ ಜರಡಿಯನ್ನು ತೊಳೆದು, ಎಣ್ಣೆ ಬೆರೆಸಿದ ಹೊಸ ಪೆಟ್ರೋಲು ತುಂಬಿದೆವು. ಕೆಮ್ಮು ಕಡಿಮೆಯಾಯಿತು, ನಿಲ್ಲಲಿಲ್ಲ.

ಎರಡನೆಯದು ಕಿಡಿ. ಪ್ಲಗ್ಗನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಕಾಫಿಪುಡಿಯ ಬಣ್ಣವಿದ್ದರೆ ಆರೋಗ್ಯ. ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಬೂದಿಯಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು. ನಮ್ಮದು ಬೆಳ್ಳಗಿತ್ತು. ಪಾಯಿಂಟುಗಳನ್ನು ಉಜ್ಜಿ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಕೂಡಿಸಿದರು. ಬಳಿಕ ಬ್ಯಾಟರಿಯತ್ತ ನೋಡಿದರು. ಓದುಗರು ಇದನ್ನು ಗಮನಿಸಬೇಕು: ಆರು ವೋಲ್ಟಿನ ಈ ಹಳೆಯ ಗಾಡಿಗಳಲ್ಲಿ ಸ್ಲೋ ತಿರುಗುವಾಗ ಡೈನಮೋ ಏನನ್ನೂ ದುಡಿಯುವುದಿಲ್ಲ, ಕಿಡಿಯ ಖರ್ಚೆಲ್ಲ ಬ್ಯಾಟರಿಯದೇ. ಓಡುವಾಗ ಚೆನ್ನಾಗಿದ್ದು ನಿಂತಾಗ ಸಾಯುವ ಗಾಡಿಯ ಕಾರ್ಬ್ಯುರೇಟರನ್ನು ಬೈಯುವ ಮೊದಲು ಬ್ಯಾಟರಿಯನ್ನು ಅಳೆಯುವುದು ಒಳ್ಳೆಯದು. ನಮ್ಮದು ಸೋತಿರಲಿಲ್ಲ.

ಮೂರನೆಯದು ಪೈಲಟ್ ಜೆಟ್ಟು. ಮುಚ್ಚಳ ತೆಗೆದು ಕಾರ್ಬ್ಯುರೇಟರನ್ನು ಕಳಚಿದ ಮೇಲೆ, ನಾನು ಸಿದ್ಧವಾಗಿಟ್ಟುಕೊಂಡಿದ್ದ ತಂತಿಯನ್ನು ಮೇಸ್ತ್ರಿಗಳು ಕಸಿದುಕೊಂಡರು. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಮಹಿಳೆ ಗಂಡನಿಗೂ ಹೇಳದೆ, ಆತ ನಿರ್ಮಿಸಿದ ಕಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿಕೊಂಡಳು. ಈ ಕಥೆಯನ್ನು ನಾನು ಹೇಳಿದಾಗ ಮೇಸ್ತ್ರಿಗಳು ನಕ್ಕು, ‘ಅಮ್ಮಾವ್ರು ಚುಚ್ಚಿದ್ದು ಕೊಳವೆಗೆ ಸಾರ್. ಜೆಟ್ಟಿಗೆ ಚುಚ್ಚಬಾರದು’ ಎಂದರು. ಹಿತ್ತಾಳೆ ಮೆದು, ತಂತಿ ತಾಗಿದರೆ ರಂಧ್ರ ಹಿಗ್ಗುತ್ತದೆ, ಒಮ್ಮೆ ಹಿಗ್ಗಿದ್ದು ಮತ್ತೆ ಕುಗ್ಗದು. ಪೆಟ್ರೋಲಿನಲ್ಲಿ ನೆನೆಹಾಕಿ ಗಾಳಿ ಊದಿದರು. ಕಿಟಕಿಯತ್ತ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಂಡಿತು.

ಕಾರ್ಬ್ಯುರೇಟರನ್ನು ತಿರುಗಿ ಕೂಡಿಸಿ ಎಂಜಿನ್ನನ್ನು ಕಾಯಿಸಿದೆವು. ಇನ್ನು ಗಾಳಿಯ ಸ್ಕ್ರೂ. ಸ್ಲೋ ದಾರಿಗೆ ಎಷ್ಟು ಗಾಳಿ ಬೆರೆಯಬೇಕೆಂಬುದನ್ನು ಇದು ನಿಶ್ಚಯಿಸುತ್ತದೆ. ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ಬಂದು, ಆಚೆ ಈಚೆ ಕಾಲು ಕಾಲು ಸುತ್ತು ಆಡಿಸಿ ನೋಡಬೇಕು. ಆರೋಗ್ಯವಂತ ಎಂಜಿನ್ನಾದರೆ ಕಾಲು ಸುತ್ತಿಗೇ ದನಿ ಬದಲಾಗುತ್ತದೆ. ನಮ್ಮ ಗಾಡಿ ಬದಲಾಗಲೇ ಇಲ್ಲ. ಒಳಕ್ಕೆ ತಿರುಗಿಸಿದರೂ ಅಷ್ಟೇ, ಹೊರಕ್ಕೆ ತಿರುಗಿಸಿದರೂ ಅಷ್ಟೇ. ನಾನು ಹತಾಶನಾದೆ, ಮೇಸ್ತ್ರಿಗಳ ಮುಖ ಮಾತ್ರ ಅರಳಿತು. ‘ಸಿಕ್ಕಿತು ಸಾರ್. ಬಾಗಿಲಲ್ಲಿ ಕಾವಲುಗಾರನ್ನ ನಿಲ್ಲಿಸಿದೀವಿ, ಕಳ್ಳ ಹಿತ್ತಲಿಂದ ಬರ್ತಿದಾನೆ’ ಎಂದರು. ಜೆಟ್ಟು ಶುದ್ಧವಾಗಿದ್ದೂ ಸ್ಕ್ರೂ ಮಾತು ಕೇಳದಿದ್ದರೆ ಗಾಳಿ ಬೇರೆಲ್ಲಿಂದಲೋ ನುಗ್ಗುತ್ತಿದೆಯೆಂದು ಅರ್ಥ. ಆಕ್ಸಿಲರೇಟರನ್ನು ಏರಿಸಿ ಓಡುವಾಗ ಅಷ್ಟು ಗಾಳಿ ಲೆಕ್ಕಕ್ಕಿಲ್ಲ. ಬಾಗಿಲು ಮುಚ್ಚಿದಾಗ ಅದೇ ಪ್ರಳಯ.

ಟೂ-ಸ್ಟ್ರೋಕಿನಲ್ಲಿ ಕಳ್ಳಗಾಳಿಗೆ ದಾರಿಗಳು ಹಲವು: ಸಿಲಿಂಡರಿನ ಬುಡದ ಪ್ಯಾಕಿಂಗು, ಸವೆದ ಜಾರುಬಾಗಿಲು, ಕ್ರ್ಯಾಂಕಿನ ಎರಡು ಕೊನೆಗಳಲ್ಲಿರುವ ರಬ್ಬರಿನ ಸೀಲುಗಳು. ಸೀಲು ಹೋಗಿದ್ದರೆ ಎಂಜಿನ್ನನ್ನೇ ಸೀಳಬೇಕು. ಅಣ್ಣನ ತಿಂಗಳ ಗಡುವಿಗೆ ಅದು ಆಗದ ಮಾತು. ಮೇಸ್ತ್ರಿಗಳು ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ತೆಗೆದುಕೊಂಡು, ಎಂಜಿನ್ನು ತಿರುಗುತ್ತಿರುವಂತೆಯೇ ಒಂದೊಂದೇ ಸಂದಿಗೆ ತೊಟ್ಟಿಕ್ಕುತ್ತ ಬಂದರು. ಕಾರ್ಬ್ಯುರೇಟರು ಸಿಲಿಂಡರಿಗೆ ಕೂಡುವ ಸಂದಿಗೆ ಎಣ್ಣೆ ತಾಗಿತು. ಎಂಜಿನ್ನು ಬಿಕ್ಕಳಿಕೆ ನಿಂತ ಮಗುವಿನಂತೆ ಶಾಂತವಾಯಿತು. ಎಣ್ಣೆಯನ್ನು ಹೀರಿಕೊಂಡ ಮೇಲೆ ಮತ್ತೆ ಅದೇ ರಂಪ.

ಕಾರ್ಬ್ಯುರೇಟರನ್ನು ಮತ್ತೆ ಬಿಚ್ಚಿ ಅದರ ಮುಖವನ್ನು ಕನ್ನಡಿಯ ಗಾಜಿನ ಮೇಲೆ ಇಟ್ಟರು. ಎರಡು ಕಿವಿಗಳು ಗಾಜಿಗೆ ತಾಗಿದ್ದುವು. ನಡುವೆ ಕೂದಲೆಳೆಯಷ್ಟು ಬೆಳಕು. ಯಾರೋ ಎರಡು ನಟ್ಟುಗಳನ್ನು ಮೈಮೇಲೆ ಬಂದವರಂತೆ ಬಿಗಿದಿದ್ದರು. ಮೆದು ಲೋಹ ಬಿಲ್ಲಿನಂತೆ ಬಾಗಿತ್ತು. ‘ಯಾರು ಸಾರ್ ಇದನ್ನ ಬಿಗಿದದ್ದು?’ ಎಂದರು. ನಾನು ಉತ್ತರ ಕೊಡಲಿಲ್ಲ. ಸ್ಲೋ ಕೆಟ್ಟಿತೆಂದು ಮೂರು ತಿಂಗಳ ಕೆಳಗೆ, ಸಡಿಲವಿದ್ದೀತೆಂದು, ಉದ್ದ ಹಿಡಿಯ ಸ್ಪ್ಯಾನರು ಹಾಕಿ ಬಿಗಿದವನು ನಾನೇ. ಮೊದಲಿದ್ದ ರೋಗ ನೀರು ಬೆರೆತ ಪೆಟ್ರೋಲಿನದು. ದೊಡ್ಡ ರೋಗ ನನ್ನ ಚಿಕಿತ್ಸೆಯದು.

ಆ ರಾತ್ರಿ ತಂದೆಯವರ ಗಾಡಿ ಪುಸ್ತಕವನ್ನು ತೆಗೆದೆ. ಶಾಲೆಗಳ ತಪಾಸಣೆಯ ವರದಿ ಬರೆದ ಅಕ್ಷರದಲ್ಲೇ ಅವರು ಗಾಡಿಯ ಚರಿತ್ರೆಯನ್ನೂ ಬರೆದಿಟ್ಟಿದ್ದರು: ಪೆಟ್ರೋಲಿನ ಲೆಕ್ಕ, ಬದಲಿಸಿದ ಪ್ಲಗ್ಗು, ಪಂಚರಾದ ಊರು. 1974ರ ಒಂದು ಪುಟದಲ್ಲಿ ಹೀಗಿತ್ತು: ‘ಕಾರ್ಬ್ಯುರೇಟರಿನ ಎರಡು ನಟ್ಟುಗಳನ್ನು ಸರದಿಯಂತೆ ಮಿತವಾಗಿ ಬಿಗಿಯುವುದು. ಹೆಚ್ಚು ಬಿಗಿದರೆ ಮೈ ಬಾಗುತ್ತದೆ.’ ಅವರೂ ಒಮ್ಮೆ ಇದೇ ತಪ್ಪನ್ನು ಮಾಡಿ ಕಲಿತಿರಬೇಕು. ಪುಸ್ತಕ ಷೆಡ್ಡಿನ ಗೂಡಿನಲ್ಲೇ, ಗಾಡಿಯಿಂದ ನಾಲ್ಕು ಮಾರು ದೂರದಲ್ಲಿ, ಇಷ್ಟು ವರ್ಷ ಇತ್ತು. ಇತಿಹಾಸವನ್ನು ಓದದವರ ಗತಿಯನ್ನು ಕುರಿತು ದೊಡ್ಡವರು ಏನೇನೋ ಹೇಳಿದ್ದಾರೆ. ನನಗೆ ಅದು ಒಂದು ಸ್ಪ್ಯಾನರಿನ ಉದ್ದದಲ್ಲಿ ತಿಳಿಯಿತು.

ಮರುದಿನ ಗಾಜಿನ ಮೇಲೆ ನಯವಾದ ಉಜ್ಜುಕಾಗದವನ್ನು ಹಾಸಿ, ಕಾರ್ಬ್ಯುರೇಟರಿನ ಮುಖವನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜುತ್ತ ಒಂದು ಗಂಟೆ ಕುಳಿತೆ. ಹೊಳಪು ಎಲ್ಲ ಕಡೆಯೂ ಸಮನಾಗಿ ಬಂದ ಮೇಲೆ ಮೇಸ್ತ್ರಿಗಳು ಹೊಸ ಪ್ಯಾಕಿಂಗನ್ನು ಕತ್ತರಿಸಿ ಕೊಟ್ಟರು. ನಟ್ಟುಗಳನ್ನು ಸರದಿಯಂತೆ, ಗಿಡ್ಡ ಸ್ಪ್ಯಾನರಿನಲ್ಲಿ, ಎರಡು ಬೆರಳಿನ ಬಲದಿಂದ ಬಿಗಿದೆ. ಎಂಜಿನ್ನು ಕಾದ ಬಳಿಕ ಗಾಳಿಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದೊಡನೆ ದನಿ ಬದಲಾಯಿತು. ದನಿ ಅತಿ ಚುರುಕಾದ ಕಡೆ ಅದನ್ನು ನಿಲ್ಲಿಸಿ, ಜಾರುಬಾಗಿಲನ್ನು ಎತ್ತಿ ಹಿಡಿಯುವ ಸ್ಕ್ರೂವನ್ನು ತಗ್ಗಿಸಿ, ಮತ್ತೆ ಗಾಳಿ, ಮತ್ತೆ ಬಾಗಿಲು, ಹೀಗೆ ಎರಡು ಮೂರು ಸಲ. ಕೊನೆಗೆ ಅದೇ ಡುಗು ಡುಗು. ಷೆಡ್ಡಿನ ತಗಡು ಸಣ್ಣಗೆ ನಡುಗುತ್ತಿತ್ತು.

ಒಳಗಿನಿಂದ ಅಣ್ಣ ಬಂದು ಬಾಗಿಲಿನಲ್ಲಿ ನಿಂತ. ಒಂದು ನಿಮಿಷ ಕೇಳಿದ. ‘ಸಾಕು, ಆರಿಸೋ. ಪೆಟ್ರೋಲು ದಂಡ’ ಎಂದ. ತಂದೆಯವರ ಮಾತೂ ಅದೇ, ರಾಗವೂ ಅದೇ. ಗುಜರಿಯ ಮಾತು ಅಂದಿನಿಂದ ಬಂದಿಲ್ಲ. ಹೊಗೆಯ ಪರೀಕ್ಷೆಯಲ್ಲಿ ಗಾಡಿ ಮಿತಿಯೊಳಗೇ ನಿಂತಿತು, ನವೀಕರಣವೂ ಆಯಿತು.

ಸರ್ಟಿಫಿಕೇಟು ಹಿಡಿದು ಹಿಂದಿರುಗುವಾಗ ಸಿಗ್ನಲ್ಲಿನಲ್ಲಿ ನಿಂತೆ. ಪಕ್ಕದಲ್ಲಿ ವಿದ್ಯುತ್ ಸ್ಕೂಟರೊಂದು ಸದ್ದಿಲ್ಲದೆ ನಿಂತಿತ್ತು. ಅದರಾಚೆಯ ಹೊಸ ಸ್ಕೂಟರು ನಿಂತ ಕೆಲವೇ ಕ್ಷಣಕ್ಕೆ ತಾನಾಗಿ ಆರಿ, ಹಸಿರು ಬಂದಾಗ ತಾನಾಗಿ ಹತ್ತಿಕೊಂಡಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಹೊಗೆ ನಿಯಮಗಳ ಬಳಿಕ ನಮ್ಮ ದೇಶದ ಹೊಸ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರು ಬಹುಮಟ್ಟಿಗೆ ಮಾಯವಾಗಿದೆ. ಹದ ನೋಡುವ ಕೆಲಸ ಬೆರಳಿನಿಂದ ಯಂತ್ರಕ್ಕೆ, ಯಂತ್ರದಿಂದ ಗಣಕಕ್ಕೆ ದಾಟಿದೆ. ಗಾಲಿ ನಿಂತರೆ ಎಂಜಿನ್ನೂ ನಿಲ್ಲುವ 1894ರ ಪದ್ಧತಿಗೇ ನಾವು ಸುತ್ತಿ ಬಂದೆವಲ್ಲ ಎನ್ನಿಸಿತು. ಆರಂಭದ ಗಾಡಿಗಳಿಗೆ ನಿಂತಲ್ಲಿ ಬದುಕುವ ವಿದ್ಯೆ ಬರುತ್ತಿರಲಿಲ್ಲ. ಮುಂದಿನವಕ್ಕೆ ಅದು ಬೇಕಾಗಿಲ್ಲ. ನಡುವಿನ ನೂರು ಚಿಲ್ಲರೆ ವರ್ಷಗಳಲ್ಲಿ ಮಾತ್ರ ಅದು ಒಂದು ವಿದ್ಯೆಯಾಗಿತ್ತು. ಅದನ್ನು ಕಿವಿಯಿಂದ ಕಲಿತವರಿದ್ದರು. ಅವರಲ್ಲಿ ಅನೇಕರು ಈಗ ಎಂಬತ್ತರ ಹತ್ತಿರದಲ್ಲಿದ್ದಾರೆ.

ಹಸಿರು ಬಂತು. ಹಿಂದಿನ ಬಸ್ಸು ಹಾರನ್ನು ಬಾರಿಸುವ ಮೊದಲೇ ಹೊರಟೆ. ಮನೆಗೆ ಬಂದು ತಂದೆಯವರ ಪುಸ್ತಕದ ಕೊನೆಯಲ್ಲಿ, ಖಾಲಿಯಿದ್ದ ಪುಟದಲ್ಲಿ, ಈ ರಿಪೇರಿಯನ್ನು ತಾರೀಖು ಹಾಕಿ ಬರೆದಿಟ್ಟೆ. ಬಿಗಿದವನು ಯಾರೆಂಬುದನ್ನೂ ಬರೆದೆ.